ಹದಿನೇಳನೆಯ ಕೊಳವೆಯ ನೀರು

ನಾನು ಬೆಲ್ಲದ ಬಾಗೇವಾಡಿಯಿಂದ ಮೂಡಲಗಿ ಕಡೆಯ ಈ ಊರಿಗೆ ಸೊಸೆಯಾಗಿ ಬಂದಾಗ ನನ್ನ ಅತ್ತೆ ಕೆಂಪವ್ವ ಮೊದಲು ಕಲಿಸಿದ್ದು ರೊಟ್ಟಿ ಬಡಿಯುವುದನ್ನಲ್ಲ, ನಿಲ್ಲುವುದನ್ನು. ಊರ ಬಾವಿಯ ಕಟ್ಟೆಯಿಂದ ಎಷ್ಟು ದೂರ ನಿಲ್ಲಬೇಕು, ಕೊಡ ಎಲ್ಲಿ ಇಡಬೇಕು, ನೀರು ಸೇದುವವರಲ್ಲಿ ಯಾರನ್ನು ಕೇಳಬಹುದು, ಯಾರನ್ನು ಕೇಳಬಾರದು. ಮನಸ್ಸಿದ್ದವರು ತಮ್ಮ ಕೊಡವನ್ನು ಎತ್ತಿ ಮೇಲಿನಿಂದಲೇ ನಮ್ಮ ಕೊಡಕ್ಕೆ ಹೊಯ್ಯುತ್ತಿದ್ದರು. ಮನಸ್ಸಿಲ್ಲದವರು ಅಲ್ಲಿ ಯಾರೂ ಇಲ್ಲವೆನ್ನುವಂತೆ ಹೋಗಿಬಿಡುತ್ತಿದ್ದರು. ಆಗ ನಾವು ಹಳ್ಳಕ್ಕೆ ಹೋಗಿ ಉಸುಕಿನಲ್ಲಿ ಗುಂಡಿ ತೋಡಿ, ನೀರು ಒಸರುವ ತನಕ ಕುಕ್ಕರುಗಾಲಿನಲ್ಲಿ ಕೂಡಬೇಕು. ತೌರಿನಲ್ಲೂ ಹೀಗೇ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ನಿಲ್ಲುತ್ತಿದ್ದವಳು ನನ್ನವ್ವ. ಇಲ್ಲಿ ನಾನು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಸಿಟ್ಟಿನ ಮಾರಿ ತೋರಸಬ್ಯಾಡ ಸೀತವ್ವ. ಸಿಟ್ಟಿನ ಮಾರಿಗಿ ಯಾರೂ ನೀರ ಹೊಯ್ಯೂದಿಲ್ಲ," ಎಂದು ಅತ್ತೆ ಗದರಿಸುತ್ತಿದ್ದಳು.

ಹೀಗೆ ಗದರಿಸುತ್ತಿದ್ದವಳ ಹೊಟ್ಟೆಯಲ್ಲಿ ನನಗಿಂತ ದೊಡ್ಡ ಬೆಂಕಿ ಇತ್ತು. ಕೆಂಪವ್ವನಿಗೆ ಇದ್ದದ್ದು ಒಂದೇ ಆಸೆ: ಕೇರಿಯೊಳಗೆ ಒಂದು ಬಾವಿ. ಬಂಗಾರ ಬೇಡಲಿಲ್ಲ, ಹೊಲ ಬೇಡಲಿಲ್ಲ. ಯಾರ ಮುಖವನ್ನೂ ನೋಡದೆ, ತನ್ನ ಕೈಯಿಂದ ಹಗ್ಗ ಬಿಟ್ಟು ತಾನೇ ಒಂದು ಕೊಡ ಸೇದಬೇಕು, ಅಷ್ಟೇ. ಆದರೆ ನಮ್ಮ ಕೇರಿ ಇದ್ದದ್ದು ಊರ ಆಚೆಯ ಗರಸಿನ ದಿಬ್ಬದ ಮೇಲೆ. ಅದರ ಕೆಳಗೆ ಬರೀ ಬಂಡೆ, ನೀರಿನ ಸೆಲೆ ಇಲ್ಲ ಎಂದು ಊರಿನ ಹಿರಿಯರು ಹಿಂದೆ ಯಾವಾಗಲೋ ಹೇಳಿದ್ದರು. ನಮ್ಮವರು ನಂಬಿ ಕೂತಿದ್ದರು.

ಐವತ್ತೆಂಟನೆಯ ಇಸವಿಯ ಸುಮಾರಿಗೆ ಒಂದು ಬೋರಿಂಗ್ ಕಂಪನಿ ಬಂತು. ಬಂದದ್ದು ನಮಗಾಗಿ ಅಲ್ಲ ಬಿಡಿ. ಧೂಪದಾಳದಿಂದ ಕಾಲುವೆ ಬಂದು, ಊರಿನವರು ಹಗಲೂ ರಾತ್ರಿ ನೀರು ಹಾಯಿಸಿ, ತಗ್ಗಿನ ಎರೆ ಹೊಲಗಳು ಜೌಗು ಹಿಡಿದಿದ್ದವು. ನೆಲದ ಮೇಲೆ ಬಿಳಿ ಉಪ್ಪು ಏಳುತ್ತಿತ್ತು. ಊರ ಬಾವಿಯ ನೀರೂ ಸವಳಾಗುತ್ತ ಬಂದಿತ್ತು. ಗೌಡರಾದ ಮಾಲಿಂಗಪ್ಪನವರ ಮನೆಯಲ್ಲೇ ಬೇಳೆ ಬೇಯುತ್ತಿರಲಿಲ್ಲ. ಅವರ ಹೆಂಡತಿ ಶೆಟ್ಟೆವ್ವ ಬಂಡಿಯಲ್ಲಿ ಹಂಡೆ ಇಟ್ಟು ಅರಭಾವಿ ಕಡೆಯಿಂದ ಅಡಿಗೆಯ ನೀರು ತರಿಸುತ್ತಿದ್ದಳು. ನೆಲದೊಳಗಿನ ನೀರು ಎಷ್ಟು ಮೇಲೆ ಬಂದಿದೆ, ಎಲ್ಲಿ ಸವಳು, ಎಲ್ಲಿ ಸಿಹಿ ಎಂದು ಸರಕಾರಕ್ಕೆ ಗೊತ್ತಾಗಬೇಕಿತ್ತು. ಅದಕ್ಕಾಗಿ ಕಂಪನಿಯವರು ಅಲ್ಲಲ್ಲಿ ಸಣ್ಣ ತೂತು ಕೊರೆದು, ಕಬ್ಬಿಣದ ಕೊಳವೆ ಇಳಿಸಿ, ಮೇಲೆ ಮುಚ್ಚಳ ಹಾಕಿ, ಒಂದೊಂದಕ್ಕೂ ನಂಬರು ಕೊಟ್ಟು ದಾಖಲೆ ಬರೆಯುತ್ತಿದ್ದರು.

ನನ್ನ ಗಂಡ ಹೊಳೆಪ್ಪ ಅವರ ಹತ್ತಿರ ಕೂಲಿಗೆ ಹೋದ. ಬಡಿಗೇರು ಮರಕ್ಕೆ ತೂತು ಕೊರೆಯುವ ಗಿರಮಿಟ್ಟು ನೋಡಿದ್ದೀರಲ್ಲ, ಅಂಥದೇ ಒಂದು ಆಳೆತ್ತರದ ಗಿರಮಿಟ್ಟು. ಅದರ ಅಡ್ಡಹಿಡಿ ಹಿಡಿದು ಗಂಡಸರು ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದರು. ಬಂದ ಮಣ್ಣನ್ನು ಗೋಣಿತಟ್ಟಿನ ಮೇಲೆ ಬಂದ ಕ್ರಮದಲ್ಲೇ ಗುಪ್ಪೆ ಹಾಕಬೇಕು. ನೀರು ಸಿಕ್ಕಮೇಲೆ ಹಗ್ಗ ಕಟ್ಟಿದ ತಗಡಿನ ನಳಿಗೆ ಬಿಟ್ಟು ನೀರು ಮೇಲೆತ್ತಬೇಕು. ಆಮೇಲೆ ರೈಟರ್ ಗುರುಲಿಂಗಪ್ಪನ ಕೆಲಸ. ಅವನು ಆಳ ಬರೆಯುತ್ತಿದ್ದ, ಮಣ್ಣು ಯಾವುದೆಂದು ಬರೆಯುತ್ತಿದ್ದ, ಕೊನೆಗೆ ನೀರಿನ ರುಚಿ ಬರೆಯುತ್ತಿದ್ದ. ರುಚಿ ನೋಡಲಿಕ್ಕೆ ಆಗ ಯಂತ್ರ ಎಲ್ಲಿಂದ ಬರಬೇಕು? ನಾಲಿಗೆಯೇ ಯಂತ್ರ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಅತ್ತಿತ್ತ ಆಡಿಸಿ, ಉಗುಳಿ, "ಸವಳು" ಅಥವಾ "ಸಿಹಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಬರೆಯುವುದು. ಅದು ಕಂಪನಿಯ ಪದ್ಧತಿ. ಕಾಲುವೆಯ ದಂಡೆಯಲ್ಲಿ, ಗೌಡರ ಹೊಲದಲ್ಲಿ, ಕುರುಬರ ದಡ್ಡಿಯ ಹತ್ತಿರ, ಎಲ್ಲ ಕಡೆಯ ನೀರನ್ನೂ ಗುರುಲಿಂಗಪ್ಪ ಹೀಗೇ ಬಾಯಿಗೆ ಹಾಕಿಕೊಂಡಿದ್ದ.

ಹದಿನೇಳನೆಯ ಕೊಳವೆ ನಮ್ಮ ಕೇರಿಯಲ್ಲಿ ಬಂತು. ಕಂಪನಿಯ ಸಾಹೇಬನ ನಕಾಶೆಯ ಗೆರೆ ಜಾತಿ ನೋಡಿ ಎಳೆದದ್ದಲ್ಲ. ನೆಟ್ಟಗೆ ಬಂದು ನಮ್ಮ ಮನೆಯ ಮುಂದಿನ ಬಯಲಿಗೆ ಬಿದ್ದಿತ್ತು. ಗರಸು ಬಂತು, ಹಳದಿ ಮಣ್ಣು ಬಂತು, ಬಂಡೆ ಮಾತ್ರ ಬರಲಿಲ್ಲ. ಎರಡಾಳು ಆಳಕ್ಕೇ ನೀರು! ಹೊಳೆಪ್ಪ ನಳಿಗೆ ಎತ್ತಿ ಮೊದಲು ತಾನೇ ಕುಡಿದ. ಆಮೇಲೆ ತನ್ನವ್ವನ ಬೊಗಸೆಗೆ ಹಾಕಿದ. ಅತ್ತೆ ಕುಡಿದು ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಸೀ ನೀರ ಐತಿ ಸೀತವ್ವ! ಇಷ್ಟ ದಿನಾ ಇದರ ಮ್ಯಾಲ ಮಲಗಿ ನೀರಡಿಸಿ ಸತ್ತೀವಲ್ಲ!"

ಗುರುಲಿಂಗಪ್ಪ ಆಚೆ ಬೇವಿನ ಗಿಡದ ಕೆಳಗೆ ಕೊಡೆ ಹಿಡಿದು ನಿಂತಿದ್ದ. ಕೇರಿಯೊಳಗೆ ಕಾಲಿಟ್ಟಿರಲಿಲ್ಲ. ಹೊಳೆಪ್ಪ ನಳಿಗೆ ಹಿಡಿದು ಅವನ ಹತ್ತಿರ ಹೋದ.

"ರುಚಿ ನೋಡ್ರಿ ರೈಟರ್ ಸಾಹೇಬ್ರ."

"ನೋಡೂದೇನೈತಿ? ಸವಳ ಇರತೈತಿ."

"ಇಲ್ರಿ, ನಾ ಕುಡದ ನೋಡೇನಿ. ಭಾಳ ಸೀ ಐತ್ರಿ."

"ನಿನ್ನ ನಾಲಿಗಿ ಮ್ಯಾಲ ನಾ ದಾಖಲೆ ಬರೀಲೇನಲೇ? ದೂರ ಸರಿ. ಹೋಗಿ ಮುಚ್ಚಳಾ ಹಾಕು."

"ಹದಿನೇಳು, ಸವಳು," ಎಂದು ಗಟ್ಟಿಯಾಗಿ ಹೇಳಿ ಬರೆದುಬಿಟ್ಟ. ಮಣ್ಣಿನ ಹೆಂಟೆ ಒಡೆದಷ್ಟು ಸಲೀಸಾಗಿ ಬರೆದ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ರಟ್ಟೆ ಹಿಡಿದಳು.

ಬರೆದುಕೊಂಡು ಹಾಳಾಗಿ ಹೋಗಲಿ ಎಂದು ಬಿಡಬಹುದಿತ್ತು. ಆದರೆ ಆ ವರ್ಷ ಸರಕಾರದಿಂದ ಕೇರಿಗೊಂದು ಬಾವಿ ಕಟ್ಟಿಸಿ ಕೊಡುವ ಯೋಜನೆ ಬಂದಿತ್ತು. ಗೋಕಾಕದಿಂದ ಒಬ್ಬ ಓವರ್ಸಿಯರ್ ಬಂದ. ಕೆಂಪವ್ವ ಅವನನ್ನು ಕೊಳವೆಯ ತನಕ ಕರೆದುಕೊಂಡು ಹೋಗಿ, ಇಲ್ಲೇ ತೋಡಿಸಿ ಎಂದು ಕೈ ಮುಗಿದಳು. ಅವನು ಕಂಪನಿಯ ದಾಖಲೆ ತರಿಸಿ ನೋಡಿದ.

"ಹದಿನೇಳು ಸವಳ ಅಂತ ಐತಲ್ಲವ್ವಾ. ಸವಳ ನೀರಿಗಿ ಬಾವಿ ಮಂಜೂರ ಆಗೂದಿಲ್ಲ," ಎಂದು ಸೈಕಲ್ ಹತ್ತಿದ.

ಅವತ್ತು ಅತ್ತೆ ಉಣ್ಣಲಿಲ್ಲ. ಮರುದಿನ ಎದ್ದವಳೇ ಎರಡು ಗಡಿಗೆ ತೊಳೆದಳು. ಒಂದಕ್ಕೆ ಊರ ಬಾವಿಯ ನೀರು. ಅದನ್ನು ಬೇಡಿ ತರಲಿಕ್ಕೆ ನನ್ನನ್ನೇ ಕಳಿಸಿದಳು. ಇನ್ನೊಂದಕ್ಕೆ ಹದಿನೇಳನೆಯ ಕೊಳವೆಯ ನೀರು. ಹೊಳೆಪ್ಪ ಮುಚ್ಚಳ ಬಿಚ್ಚಿ ನಳಿಗೆಯಿಂದ ಎತ್ತಿ ಕೊಟ್ಟ. ಬೇಳೆ, ಕುಳ್ಳು, ಗಡಿಗೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮಕ್ಕಳ ಸಾಲಿಯ ಹತ್ತಿರ ಕಂಪನಿಯ ಡೇರೆಗಳ ಮುಂದೆ ಹೋಗಿ, ಕಲ್ಲು ಹೂಡಿ ಎರಡು ಒಲೆ ಹಚ್ಚಿದಳು. ನಮ್ಮ ಹೆಂಗಸರಿಗೆ ನೀರಿನ ಪರೀಕ್ಷೆ ಗೊತ್ತಿರುವುದು ಇದೊಂದೇ: ತೊಗರಿಬೇಳೆ ಬೆಂದರೆ ಸಿಹಿ, ಬೇಯದಿದ್ದರೆ ಸವಳು. ಇದಕ್ಕೆ ಯಾರೂ ಯಾರ ನೀರನ್ನೂ ಮುಟ್ಟಬೇಕಾಗಿಲ್ಲ, ಕಣ್ಣಿದ್ದರೆ ಸಾಕು.

"ಏ ಕೆಂಪವ್ವ, ಕಂಪನಿಯವರಿಗಿ ಊಟಾ ಹಾಕಸ್ತಿ ಏನ?" ಎಂದು ಸಾಲಿಯ ಕಟ್ಟೆಯ ಮೇಲಿದ್ದವರು ಚಾಷ್ಟಿ ಮಾಡಿದರು.

"ಹೂಂನ್ರಿ, ಎಲಿ ತೊಗೊಂಡ ಬರ್ರಿ," ಎಂದಳು ಅತ್ತೆ, ಒಲೆ ಊದುತ್ತ.

ಜನ ಕೂಡಿದರು. ಗೌಡರ ಮನೆಯ ಆಳು ಯಲ್ಲಾರಿಯೂ ಬಂದು ನಿಂತ. ಕೊನೆಗೆ ಡೇರೆಯಿಂದ ಸಾಹೇಬ ಹೊರಗೆ ಬಂದ. ಧಾರವಾಡ ಕಡೆಯವನು, ಸಣಕಲು ಮನುಷ್ಯ, ತಲೆಯ ಮೇಲೆ ಬಿಸಿಲಿನ ಟೊಪ್ಪಿಗೆ. ಅತ್ತೆ ಎದ್ದು, ಕೈ ಮುಗಿದು, ಸವುಟಿನಿಂದ ಎರಡೂ ಗಡಿಗೆಯ ಬೇಳೆಯನ್ನು ಎತ್ತಿ ತೋರಿಸಿದಳು. ಊರ ಬಾವಿಯ ನೀರಿನಲ್ಲಿ ಕಾಳು ಕಾಳಾಗಿ ಹಾಗೇ ಕೂತಿತ್ತು. ನಮ್ಮ ನೀರಿನಲ್ಲಿ ಕರಗಿ ಬೆಣ್ಣೆಯಾಗಿತ್ತು.

"ಇದ ಊರ ಬಾವಿ ನೀರ್ರಿ. ಇದ ನಿಮ್ಮ ರೈಟರ್ ಸಾಹೇಬ್ರ ಸವಳ ಅಂತ ಬರದ ನೀರ."

ಸಾಹೇಬ ಗಡಿಗೆಗಳನ್ನು ನೋಡಿದ. ಆಮೇಲೆ ಗುರುಲಿಂಗಪ್ಪನ ಕಡೆ ತಿರುಗಿದ. "ಹದಿನೇಳರ ರುಚಿ ನೀವ ಖುದ್ದ ನೋಡೀರಿ?"

ಗುರುಲಿಂಗಪ್ಪ ನೆಲ ನೋಡಿದ. "ಅದು... ಅವರ ಕೇರಿ ನೀರ ಸಾಹೇಬ್ರ," ಎಂದ. ಅಷ್ಟು ಹೇಳಿದರೆ ಸಾಕು, ಸಾಹೇಬನಿಗೆ ತಿಳಿಯುತ್ತದೆ ಎನ್ನುವ ಹಾಗೆ. ಸಾಹೇಬನ ಮುಖ ಕೆಂಪಾಯಿತು. ಅಲ್ಲಿ ಬೈಯಲಿಲ್ಲ. ಅತ್ತೆಗೆ ಹೇಳಿದ: "ತಾಯೀ, ನಾಳೆ ಮುಂಜಾನೆ ನಾನ ಬರತೀನಿ. ಎಲ್ಲಾರ ಮುಂದ ಕುಡದು, ನನ್ನ ಕೈಲೇ ಬರೀತೀನಿ."

ಅತ್ತೆಯನ್ನು ತಾಯಿ ಎಂದು ಕರೆದವರು ಯಾರಿದ್ದರು! ದಾರಿಯುದ್ದಕ್ಕೂ ಅವಳು ನಕ್ಕಳು. ಬೆಂದ ಬೇಳೆಯನ್ನು ಕೇರಿಯ ಮಕ್ಕಳಿಗೆಲ್ಲ ಹಂಚಿದಳು. ಹಗ್ಗ ಯಾರು ಹೊಸೆಯಬೇಕು, ಬಾವಿಕಟ್ಟೆಗೆ ಮೊದಲು ಅರಿಶಿನ ಹಚ್ಚುವವರು ಯಾರು ಎಂದು ಹೆಂಗಸರು ಜಗಳಕ್ಕೇ ಬಿದ್ದರು.

ಹೊತ್ತು ಮುಳುಗುವ ಮುಂಚೆ ಮಾಲಿಂಗಪ್ಪ ಗೌಡರು ಬಂದರು. ಕೇರಿಯ ಬೇವಿನ ಗಿಡದ ಹತ್ತಿರ ನಿಂತರು, ಹಿಂದೆ ಯಲ್ಲಾರಿ. ನಾವೆಲ್ಲ ಎದ್ದು ನಿಂತೆವು. ಗೌಡರು ಕೆಟ್ಟವರೆಂದು ಹೇಳುವುದಿಲ್ಲ. ಅವತ್ತು ಅವರು ಬಹಳ ಸಂತೋಷದಿಂದ ಮಾತಾಡಿದರು.

"ಕೆಂಪವ್ವ, ಊರಿಗೊಂದ ಉಪಕಾರ ಮಾಡಿದಿ ನೋಡು. ಸೀ ನೀರ ಇಲ್ಲೇ ಐತಿ ಅಂತ ನಮಗ ಗೊತ್ತ ಇರಲಿಲ್ಲ. ಸಾಹೇಬ ನಾಳಿ ಬರದಾ ಅಂದ್ರ ಬಾವಿ ಮಂಜೂರ ಆಗತೈತಿ. ಗುತ್ತಿಗಿದಾರಗ ನಾ ಹೇಳತೀನಿ, ಕಲ್ಲಿಲೇ ಕಟ್ಟಸೂಣು. ಬಂಡಿ ಬರಾಕ ದಾರಿ ಬೇಕಾಗತೈತಿ, ಈ ನಾಕ ಮನಿ ಸ್ವಲ್ಪ ಅತ್ಲಾಗ ಸರೀಬೇಕು."

ನಾಲ್ಕು ಮನೆಯಲ್ಲಿ ಮೊದಲನೆಯದು ನಮ್ಮದು.

"ಗೌಡ್ರ, ಬಾವಿ ಕೇರಿಗಿ ಅಂತ ಮಂಜೂರ ಆಗೂದ್ರಿ," ಎಂದ ಹೊಳೆಪ್ಪ.

"ಯಾರ ಇಲ್ಲಾ ಅಂದ್ರು? ನಿಮಗೂ ನೀರ ಹಾಕಸ್ತೀವಿ. ಬಾಜೂಕ ಒಂದ ಕಟ್ಟಿ ಮಾಡಸೂಣು, ಅಲ್ಲಿ ಕೊಡಾ ಇಡ್ರಿ. ನಮ್ಮ ಆಳ ಎತ್ತಿ ಹೊಯ್ತಾನ. ಇನ್ನ ಹಳ್ಳಕ್ಕ ಹೋಗೂ ತ್ರಾಸ ಇಲ್ಲ."

ಇಷ್ಟು ಹೇಳಿ ಗೌಡರು ಹೋದರು. ನಮ್ಮ ಒಲೆಯ ಮುಂದೆ ನಾವು ಮೂವರೂ ಕೂತೆವು. ಯಾರಿಗೂ ಒಲೆ ಹಚ್ಚುವ ಮನಸ್ಸಿರಲಿಲ್ಲ.

"ಈಗ ಕಾಯ್ದೆ ಐತಿ ಯವ್ವ," ಎಂದ ಹೊಳೆಪ್ಪ. "ಬಾವಿಗಿ ಬರಬ್ಯಾಡ ಅಂದ್ರ ಜೇಲಿಗಿ ಹಾಕತಾರಂತ."

"ಕಾಯ್ದೆ ಗೋಕಾಕದಾಗ ಐತಿ. ಗೌಡ ಇಲ್ಲಿ ಅದಾನ. ಕಾಯ್ದೆ ಬಂದರೂ ಊರ ಬಾವಿ ಮುಂದ ಇನ್ನೂ ನಾವ ದೂರ ನಿಂತೀವಲ್ಲ? ಆ ಕಾಯ್ದೆ ಬಂದ ನಿಮ್ಮವ್ವನ ಕೊಡಾ ತುಂಬೇತೇನ?"

"ಹಂಗಾದ್ರ ಸಾಹೇಬ್ರಿಗಿ ಹೇಳೂಣ ಅತ್ತಿ," ಎಂದೆ ನಾನು. "ಅವರ ಛಲೋ ಮನಿಷ್ಯಾರು."

"ಛಲೋ ಮನಿಷ್ಯಾನ. ಖರೆ, ಕೆಲಸ ಮುಗದ್ರ ಹುಕ್ಕೇರಿ ಕಡೆ ಹೋಗ್ತಾನ. ಗೌಡ ಎಲ್ಲಿಗಿ ಹೋಗ್ತಾನ? ಸರಕಾರ ತೋಡಿದ್ರ ಊರವರು ಬರತಾರ. ನಾವ ತೋಡಿದ್ರ, ಅದೂ ಸವಳ ಅಂತ ಇದ್ರ, ಒಬ್ಬನೂ ಇತ್ಲಾಗ ಹಣಿಕಿ ಹಾಕೂದಿಲ್ಲ. ನಮ್ಮ ಕೈ ಮುಟ್ಟಿದ ಬಾವಿ ಅವರಿಗಿ ಬ್ಯಾಡ." ಅತ್ತೆ ನನ್ನ ಕಡೆ ನೋಡದೆ ಹೇಳಿದಳು: "ಆ ರೈಟರ್ ಬರದದ್ದ ಇರಲಿ. ಸವಳ ಅಂತನ ಇರಲಿ."

ಯಾವ ಸುಳ್ಳನ್ನು ತಿದ್ದಿಸಲಿಕ್ಕೆ ಊರ ಮುಂದೆ ಒಲೆ ಹೂಡಿದ್ದಳೋ, ಅದೇ ಸುಳ್ಳು ಈಗ ಅವಳಿಗೆ ಬೇಕಾಗಿತ್ತು. ಎಂಥ ಹಾಳು ಬಾಳು ಇದು ಎಂದು ನಾನು ಜೋರಾಗಿಯೇ ಅಂದೆ. ಅತ್ತೆ ಗದರಿಸಲಿಲ್ಲ.

ಬೆಳಕು ಹರಿಯುತ್ತಿದ್ದಂತೆ ಅವಳು ಮನೆಯ ಉಪ್ಪಿನ ಗಡಿಗೆಯನ್ನು ಪೂರ್ತಿ ಬರಿದು ಮಾಡಿದಳು. ಉಪ್ಪನ್ನು ಕುಟ್ಟಿ, ನೀರಿನಲ್ಲಿ ಕರಗಿಸಿದೆವು. ಹೊಳೆಪ್ಪ ಮುಚ್ಚಳ ಬಿಚ್ಚಿದ. ಅತ್ತೆ ತಾನೇ ಹೊಯ್ದಳು. ನಾನು ಹೊಯ್ಯುತ್ತೇನೆ ಎಂದರೆ ಕೊಡಲಿಲ್ಲ. ನೀರಿಗೆ ಉಪ್ಪು ಹಾಕಿದ ಪಾಪ ಸೊಸೆಗೆ ಬೇಡ ಎಂದಳು. ಹೊಯ್ಯುವಾಗ ಅವಳ ತುಟಿ ಅಲ್ಲಾಡುತ್ತಿತ್ತು. ನೀರಿನ ದೇವತೆ ಗಂಗವ್ವನ ಹತ್ತಿರ ತಪ್ಪೊಪ್ಪಿಕೊಳ್ಳುತ್ತಿದ್ದಳು.

ಸಾಹೇಬ ಹೇಳಿದ ಹೊತ್ತಿಗೆ ಬಂದ. ಗುರುಲಿಂಗಪ್ಪ ಬಂದ. ಗೌಡರು ಬಂದರು, ಅವರ ಹಿಂದೆ ಅರ್ಧ ಊರು ಬಂತು. ಹೊಳೆಪ್ಪ ನಳಿಗೆ ಬಿಟ್ಟು ನೀರೆತ್ತಿದ. ಗುರುಲಿಂಗಪ್ಪ ಡೇರೆಯಿಂದ ತಂದಿದ್ದ ಗಾಜಿನ ಗ್ಲಾಸನ್ನು ಮುಂದೆ ಹಿಡಿದ. ಸಾಹೇಬ ಅದನ್ನು ಮುಟ್ಟಲಿಲ್ಲ. ಅತ್ತೆಯ ಕೈಯಲ್ಲಿ ಒಂದು ಹಿತ್ತಾಳೆಯ ತಂಬಿಗೆ ಇತ್ತು. ಅದನ್ನು ತೋರಿಸಿ, "ಇದರಾಗ ಹಾಕ್ರಿ. ತಾಯೀ, ನೀವ ಕೊಡ್ರಿ," ಎಂದ.

ಅತ್ತೆ ಇದನ್ನು ಎಣಿಸಿರಲಿಲ್ಲ. ಅವನು ನಾಲಿಗೆಯ ತುದಿಗೆ ಒಂದು ಹನಿ ಮುಟ್ಟಿಸಿಕೊಂಡು ಥೂ ಎಂದು ಉಗುಳುತ್ತಾನೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು. ಹೊಳೆಪ್ಪ ತಂಬಿಗೆಗೆ ನೀರು ಸುರುವಿದ. ಅವಳು ಅದನ್ನು ಸಾಹೇಬನ ಮುಂದೆ ಹಿಡಿದಳು. ಸಾಹೇಬ ಎರಡೂ ಕೈಯಿಂದ ಇಸಿದುಕೊಂಡ. ಊರಿನವರು ಮೂಗು ಮುರಿಯುವುದನ್ನೂ ಮರೆತು ನೋಡುತ್ತಿದ್ದರು. ಅವನು ಬೇಕೆಂದೇ, ಎಲ್ಲರಿಗೂ ಕಾಣುವ ಹಾಗೆ, ತಂಬಿಗೆಗೆ ಬಾಯಿ ಹಚ್ಚಿ ದೊಡ್ಡ ಗುಟುಕು ತೆಗೆದುಕೊಂಡ.

ಬಾಯಿಗೆ ಹಾಕಿಕೊಂಡು ಉಗುಳುವುದು ಕಂಪನಿಯ ಪದ್ಧತಿ ಎಂದೆನಲ್ಲ. ಸಾಹೇಬ ಉಗುಳಲಿಲ್ಲ. ಅವನ ಕಣ್ಣು ಒಮ್ಮೆ ಮುಚ್ಚಿತು, ಗಂಟಲ ಮಣಿ ಮೇಲೆ ಕೆಳಗೆ ಆಡಿತು. ನಮ್ಮ ಕೇರಿಯಲ್ಲಿ ನಿಂತು ನಮ್ಮ ನೀರನ್ನು ಉಗುಳಬಾರದೆಂದು ಆ ಪುಣ್ಯಾತ್ಮ ಅದನ್ನು ನುಂಗಿದ.

"ತಾಯೀ, ಇದು ಉಪ್ಪ ಐತಲ್ಲ," ಎಂದ ಮೆಲ್ಲಗೆ.

"ಹೌದ್ರಿ."

"ಮತ್ತ ನಿನ್ನಿ ಬ್ಯಾಳಿ?"

ಅತ್ತೆ ಸೆರಗು ಹೊದ್ದುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅದು ಹಳ್ಳದ ನೀರ್ರಿ. ಬಾವಿ ಆಸೇಕ ಸುಳ್ಳ ಹೇಳಿದ್ನಿ. ರೈಟರ್ ಸಾಹೇಬ್ರ ಬರದದ್ದ ಖರೆ ಐತಿ."

ಗುರುಲಿಂಗಪ್ಪ ನಕ್ಕ. "ನಾ ಹೇಳಿದ್ನಿಲ್ರಿ ಸಾಹೇಬ್ರ? ಇವರ ಜಾತೀನ ಇಷ್ಟು." ಗೌಡರು ನೆಲಕ್ಕೆ ಉಗುಳಿ, "ಮಳ್ಳ ಹೆಂಗಸು, ಊರ ಮಂದೀನೆಲ್ಲಾ ಕುಣಿಸಿತು," ಎಂದು ತಿರುಗಿ ಹೋದರು. ನನ್ನ ನಾಲಿಗೆಯ ತುದಿಗೆ ಏನೇನೋ ಬಂತು. ಕಚ್ಚಿ ಹಿಡಿದೆ. ಹೊಳೆಪ್ಪ ನಳಿಗೆಯ ಹಗ್ಗವನ್ನು ಸುತ್ತುತ್ತಲೇ ಇದ್ದ, ತಲೆ ಎತ್ತಲಿಲ್ಲ.

ಸಾಹೇಬ ಬೈದಿದ್ದರೆ ಚೆನ್ನಾಗಿತ್ತು. ಅವನು ತಂಬಿಗೆಯನ್ನು ಅತ್ತೆಯ ಕೈಗೇ ಕೊಟ್ಟ. "ಹಿಂಗ ಮಾಡಬಾರದಿತ್ತು ತಾಯೀ. ಇನ್ನ ನಿಮ್ಮಂಥಾವರು ಖರೆ ಹೇಳಿದ್ರೂ ಯಾರೂ ನಂಬೂದಿಲ್ಲ," ಎಂದ. ದಾಖಲೆಯನ್ನು ಇಸಿದುಕೊಂಡು, ಮತ್ತೊಮ್ಮೆ ಪರೀಕ್ಷಿಸಿದೆ, ಸವಳು, ಎಂದು ಹೇಳಿ ಬರೆದು ಸಹಿ ಹಾಕಿದ. ಟೊಪ್ಪಿಗೆ ಹಾಕಿಕೊಂಡು ಹೋದ. ಕಂಪನಿ ಹುಕ್ಕೇರಿ ಕಡೆ ಹೋಗುವಾಗ ಹೊಳೆಪ್ಪನನ್ನು ಕರೆದೊಯ್ಯಲಿಲ್ಲ.

ಮುಂಗಾರಿನ ಸುಗ್ಗಿ ಮುಗಿದ ಮೇಲೆ ನಾವು ತೋಡಲಿಕ್ಕೆ ಹಚ್ಚಿದೆವು. ಹಗಲು ಊರವರ ಹೊಲದಲ್ಲಿ ದುಡಿದು, ಬಂದು ನಮ್ಮ ಬಾವಿಯಲ್ಲಿ ಇಳಿಯುವುದು. ಗಂಡಸರು ಅಗೆದರು, ನಾವು ಬುಟ್ಟಿ ಹೊತ್ತೆವು, ಗುಡ್ಡದ ಕಲ್ಲು ತಂದು ಗಾರೆಯಿಲ್ಲದ ಒಣಗಲ್ಲಿನ ಗೋಡೆ ಕಟ್ಟಿದೆವು. ದಾರಿಯಲ್ಲಿ ಹೋಗುವವರು ನಿಂತು ನಗುತ್ತಿದ್ದರು. "ಸವಳ ನೀರಿಗಿ ಬಾವಿ ತೋಡಾಕತ್ತಾವು ನೋಡ್ರಿ," ಎನ್ನುತ್ತಿದ್ದರು. "ಹೂಂನ್ರಿ, ನಮಗ ರೂಢಿ ಐತಿ," ಎಂದು ನಾನೇ ಉತ್ತರ ಕೊಡುತ್ತಿದ್ದೆ. ಅತ್ತೆ ಹೇಳಿದ್ದು ಸರಿಯಾಗಿತ್ತು; ಒಬ್ಬರೂ ಹತ್ತಿರ ಬಂದು ಹಣಿಕಿ ಹಾಕಲಿಲ್ಲ.

ನೀರು ಬಂದ ದಿನ ಕೆಸರೆಲ್ಲ ಕೂತು ತಿಳಿಯಾಗುವ ತನಕ ಕಾದು, ಮೊದಲ ಕೊಡ ಸೇದು ಎಂದು ಹಗ್ಗವನ್ನು ಅತ್ತೆಯ ಕೈಗೆ ಕೊಟ್ಟೆವು. ಅವಳು ಸೇದಿದಳು. ಯಾರ ಮುಖವನ್ನೂ ನೋಡದೆ, ಯಾರನ್ನೂ ಕೇಳದೆ, ತನ್ನ ಕೈಯಿಂದ ತಾನೇ ಸೇದಿದಳು. ಕೇರಿಯ ಮಕ್ಕಳೆಲ್ಲ ಹೋ ಎಂದು ಕೂಗಿದರು. ಅವಳು ಒಬ್ಬೊಬ್ಬರ ಬೊಗಸೆಗೂ ಹಾಕಿದಳು, ತಾನು ಕುಡಿಯಲಿಲ್ಲ.

"ಕುಡಿ ಯವ್ವ," ಎಂದ ಹೊಳೆಪ್ಪ.

ಅವಳು ಕೊಡದ ಹತ್ತಿರ ಕೂತುಬಿಟ್ಟಳು. "ನಾ ಹುಟ್ಟಿದಾಗಿಂದ ನನ್ನ ಕೈ ನೀರ ಕುಡದಾವ ಊರವರಾಗ ಒಬ್ಬ ಇಲ್ಲೋ," ಎಂದಳು. "ಆ ಸಾಹೇಬ ಒಬ್ಬಾವ ಬಂದಾ. ಎರಡೂ ಕೈಲೆ ಇಸಗೊಂಡ ಕುಡದಾ. ಅವಗ ನಾ ಉಪ್ಪ ಕುಡಿಸಿದ್ನಿ."

ನಾನು ತಂಬಿಗೆ ತುಂಬಿ ಅವಳ ಬಾಯಿಗೆ ಹಿಡಿದೆ. ಅವಳು ಅಳುತ್ತಲೇ ಕುಡಿದಳು.